ಕೈಗೊಡಲಿ ಓದುವ ಬಗೆ

ಹೈಸ್ಕೂಲ್ ಹುಡುಗರಿಗೆ ಮಾನವ ವಿಕಾಸ ಎಂದೊಡನೆ ನೆನಪಾಗುವುದು ಆ ಒಂದು ಚಿತ್ರ: ಬಾಗಿದ ಮಂಗ ಹೆಜ್ಜೆ ಹೆಜ್ಜೆಗೂ ನೆಟ್ಟಗಾಗುತ್ತ ಮನುಷ್ಯನಾಗುವುದು. ಚಿತ್ರ ಚೆಂದ, ಪಾಠ ತಪ್ಪು. ವಿಕಾಸ ನಡೆದದ್ದು ಕವಲು ಕವಲಾಗಿ. ಎಷ್ಟೋ ಕವಲುಗಳು ನಡುವೆಯೇ ಅಳಿದುಹೋದವು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಮಕ್ಕಳಿಗಂತೂ ಇದಕ್ಕಿಂತ ಗಟ್ಟಿಯಾದ ಪಾಠ ನೆರೆಯ ಯಾದಗಿರಿ ಜಿಲ್ಲೆಯಲ್ಲೇ ಇದೆ. ತಾಳಿಕೋಟೆ ದಾಟಿ ಹುಣಸಗಿ ಕಡೆ ಹೋದರೆ ಸಿಗುವ ಇಸಾಂಪುರ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹುಣಸಗಿ–ಬೈಚಬಾಳ ಕಣಿವೆಯನ್ನು ದಶಕಗಳ ಕಾಲ ನಡೆದು ನೋಡಿದವರು. 1990ರ ದಶಕದ ಕೊನೆಯಲ್ಲಿ ಇಸಾಂಪುರದಲ್ಲಿ ಅವರ ತಂಡ ಅಗೆದಾಗ ಸಿಕ್ಕಿದ್ದು ಆಯುಧಗಳಷ್ಟೇ ಅಲ್ಲ, ಆಯುಧ ಮಾಡುತ್ತಿದ್ದ ಜಾಗವೇ: ಕಿತ್ತ ಹಾಸುಗಲ್ಲು, ಬಡಿಗಲ್ಲು, ಚಕ್ಕೆ, ಅರ್ಧಕ್ಕೆ ಬಿಟ್ಟ ಕೆಲಸ. ಅಲ್ಲಿ ದೊರೆತ ಪ್ರಾಣಿ ಹಲ್ಲಿನ ಎನಾಮಲ್ಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯಾದ ಹೋಮೋ ಸೇಪಿಯನ್ಸ್‌ನ ಅತಿ ಹಳೆಯ ಪಳೆಯುಳಿಕೆಗಳಿಗೆ ಸುಮಾರು 3 ಲಕ್ಷ ವರ್ಷ. ಅಂದರೆ ಇಲ್ಲಿ ಕಲ್ಲು ಒಡೆದವರು ನಾವಲ್ಲ, ನಮಗಿಂತ ಬಹಳ ಹಿಂದಿನವರು. ಅವರ ಎಲುಬು ಅಲ್ಲಿ ಸಿಕ್ಕಿಲ್ಲ. ಹೋಮೋ ಇರೆಕ್ಟಸ್ ಇರಬೇಕೆಂಬುದು ಊಹೆ. ಆದರೆ ಅವರ ಕೈ ಮತ್ತು ತಲೆ ಹೇಗೆ ಓಡಿದವು ಎಂಬುದು ಕಲ್ಲಿನ ಮೇಲೇ ಇದೆ.

ಕಲ್ಲು ಭೀಮಾ ಕೊಳ್ಳದ ಸುಣ್ಣಗಲ್ಲು. ತಾಳಿಕೋಟೆ ಸುತ್ತ ಮನೆಗೆ ಹಾಸುವ ಪರಸಿಯೂ ಅದೇ ಬಳಗದ್ದು. ಇಸಾಂಪುರದ್ದು ಸಿಲಿಕಾ ಸೇರಿ ಬಿರುಸಾದದ್ದು, ಅದಕ್ಕೇ ಅಂಚು ಹರಿತವಾಗಿ ಒಡೆಯುತ್ತದೆ. ಪದರ ಪದರವಾಗಿ ಕುಳಿತ, ಸಹಜವಾಗಿ ಬಿರುಕು ಬಿಟ್ಟ ಬಂಡೆಯಿಂದ ಬೇಕಾದ ಗಾತ್ರದ ಹಾಸನ್ನು ಮೀಟಿ ತೆಗೆಯುತ್ತಿದ್ದರು. ತೆಳುವಾದದ್ದಾದರೆ ಎರಡೂ ಮಗ್ಗುಲು ಚಕ್ಕೆ ಎಬ್ಬಿಸಿ ನೇರ ಕೈಗೊಡಲಿ. ದಪ್ಪವಿದ್ದರೆ ಅದರಿಂದ ಮೊದಲು ಅಂಗೈ ಮೀರುವ ಒಂದು ದೊಡ್ಡ ಚಕ್ಕೆ. ಅದರ ಹರಿತ ಅಂಚನ್ನು ಮುಟ್ಟದೆ ಉಳಿದ ಬದಿಗಳನ್ನಷ್ಟೇ ತಿದ್ದಿದರೆ ಸೀಳುಗೊಡಲಿ. ಎಲ್ಲಿ ಮುಟ್ಟಬಾರದು ಎಂದು ತಿಳಿದವನೇ ಒಳ್ಳೆಯ ಕಸುಬುದಾರ, ನನಗಂತೂ ಹೆಚ್ಚು ಬೆರಗು ಹುಟ್ಟಿಸುವುದು ಆ ಮುಟ್ಟದ ಅಂಚು. ಬಡಿಯಲು ಬೇರೆ ಕಲ್ಲು: ಬಸಾಲ್ಟ್, ಬೆಣಚು, ದೊಡ್ಡದು ಚಿಕ್ಕದು ಎಲ್ಲ.

ಏಟು ಬೀಳಬೇಕಾದ್ದು ಅಂಚಿನ ಹತ್ತಿರ, ಅಲ್ಲಿನ ಕೋನ ತೊಂಬತ್ತು ಡಿಗ್ರಿಗಿಂತ ಕಡಿಮೆ ಇರುವ ಕಡೆ. ನಡುಮಧ್ಯೆ ಬಡಿದರೆ ಕಲ್ಲು ಸೀಳುವುದಿಲ್ಲ, ಪುಡಿಯಾಗುತ್ತದೆ. ಸರಿಯಾದ ಏಟಿಗೆ ಚಕ್ಕೆ ಕೆಳಮಗ್ಗುಲಿನಿಂದ ಕಳಚಿ ಬೀಳುತ್ತದೆ. ಅದರ ಒಳಮೈಯಲ್ಲಿ ಏಟು ಬಿದ್ದ ಕಡೆ ಒಂದು ಸಣ್ಣ ಉಬ್ಬು, ಅಲ್ಲಿಂದ ಹರಡಿದ ಅಲೆಗೆರೆ. ತಾಯಿಗಲ್ಲಿನಲ್ಲಿ ಅಷ್ಟೇ ಆಳದ ಗುಳಿ. ಗುಳಿಗಳ ಸರದಿಯನ್ನೂ ಓದಬಹುದು: ಮಣ್ಣು ಹಾದಿಯ ಚಕ್ಕಡಿ ಗಾಲಿಯ ಗುರುತಿನಂತೆ, ಆಮೇಲಿನದು ಮೊದಲಿನದನ್ನು ಕತ್ತರಿಸಿರುತ್ತದೆ. ಒಂದು ಕೈಗೊಡಲಿಯ ಚಿತ್ರ ಕೊಟ್ಟು ಗುಳಿಗಳಿಗೆ ಒಂದು, ಎರಡು ಎಂದು ಸಂಖ್ಯೆ ಹಾಕಿಸಿದರೆ ಹುಡುಗಿಯೊಬ್ಬಳು 12 ಲಕ್ಷ ವರ್ಷದ ಹಿಂದಿನ ಕೆಲಸವನ್ನು ಏಟು ಏಟಾಗಿ ಹಿಂಬಾಲಿಸುತ್ತಾಳೆ. ಸಂಶೋಧಕರೂ ಇದನ್ನೇ ಮಾಡಿದರು. ಸೆರಿ ಶಿಪ್ಟನ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಪದ್ದಯ್ಯ ಇಸಾಂಪುರದ ಆಯುಧ ಮಾಡುವ ವಿಧಾನವನ್ನು ಪ್ರಯೋಗ ಮಾಡಿ ನೋಡಿ 2009ರಲ್ಲಿ ಪ್ರಕಟಿಸಿದರು.

ಶಾಲೆಯಲ್ಲಿ ಮಾಡಿ ನೋಡುವುದಾದರೆ ಪರಸಿ ಗಣಿಯ ಒಡಕು ಕಲ್ಲು ಸಾಕು. ಬಯಲಲ್ಲಿ, ಕನ್ನಡಕ ಹಾಕಿ, ಕೈಗೆ ದಪ್ಪ ಗವಸು ತೊಟ್ಟು, ಮೇಷ್ಟ್ರು ಎದುರಿಗಿದ್ದಾಗ ಮಾತ್ರ. ಚೂರು ಬ್ಲೇಡಿನಷ್ಟು ಹರಿತ. ನಿಜವಾದ ಆಯುಧ ನೋಡಬೇಕೆಂದರೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ಇದೆ. ಹೊಲದಲ್ಲೋ ಹಳ್ಳದ ದಂಡೆಯಲ್ಲೋ ಅಂಥದ್ದೊಂದು ಕಣ್ಣಿಗೆ ಬಿದ್ದರೆ ಎತ್ತಬಾರದು, ಫೋಟೋ ತೆಗೆದು ಜಾಗ ಬರೆದುಕೊಂಡು ಮೇಷ್ಟ್ರಿಗೆ ತಿಳಿಸಬೇಕು. ಯಾವ ಪದರದಲ್ಲಿ, ಯಾವ ಚಕ್ಕೆಗಳ ಜೊತೆ ಬಿದ್ದಿತ್ತು ಎಂಬುದು ಹೋದರೆ ಅದರ ಕಾಲವನ್ನು ಆಮೇಲೆ ಯಾರೂ ಹೇಳಲಾರರು.