ಕೀಲಿ, ಕಿವಿ ಮತ್ತು ಕಳ್ಳನ ಭಯ

ಕಳ್ಳನು ಬಂದು ಹೋದ ಮನೆಯವರು ಎರಡು ಲೆಕ್ಕಗಳನ್ನು ಮಾಡಬೇಕಾಗುತ್ತದೆ. ಹೋದ ಸಾಮಾನಿನ ಲೆಕ್ಕ ಮೊದಲನೆಯದು. ಅದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹೋದ ನಿದ್ದೆಯ ಲೆಕ್ಕ ಎರಡನೆಯದು. ಅದು ತಿಂಗಳುಗಟ್ಟಲೆ ಮುಗಿಯುವುದಿಲ್ಲ. ಈ ಎರಡನೆಯ ಲೆಕ್ಕದಲ್ಲಿ ಭೌತಶಾಸ್ತ್ರಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವುಂಟು. ಅದನ್ನು ನಾನು ಕಲಿತುದು ನಮ್ಮ ಮನೆಯ ಮೋಟಾರು ಶೆಡ್ಡಿನಲ್ಲಿ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ಮುಟ್ಟಿದಾಗ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರಿದು. ಹಳೆಯ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದಿತು. ಒಂದು ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯವರು ಶುಂಠಿ ಕಷಾಯ ಕಳಿಸುತ್ತಿದ್ದರು. ಇಲ್ಲಿ ರಸ್ತೆಗಳು ಅಗಲವಾಗಿವೆ, ಸೆಕ್ಟರುಗಳಿಗೆ ನಂಬರುಗಳಿವೆ, ಪ್ರತಿಯೊಂದು ಮನೆಗೂ ತನ್ನದೇ ಕಂಪೌಂಡು ಇದೆ. ನಮ್ಮ ಕಂಪೌಂಡಿನ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಶೆಡ್ಡು; ಅದಕ್ಕೆ ಹಳೆಯ ಮರದ ಕದ. ಕಳೆದ ಬೇಸಿಗೆಯ ಒಂದು ರಾತ್ರಿ ಆ ಕದವನ್ನು ಯಾರೋ ಮುರಿದರು. ಸ್ಕೂಟರಿನ ಬ್ಯಾಟರಿ, ನೀರೆತ್ತುವ ಸಣ್ಣ ಮೋಟಾರು, ತೀರಿಕೊಂಡ ನಮ್ಮ ತಂದೆಯವರ ಸೈಕಲ್ಲು, ಇಷ್ಟು ಹೋದವು. ಮನೆಯೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಆದರೆ ಅಂದಿನಿಂದ ನಮ್ಮ ತಾಯಿಗೆ ಮನೆಯೊಳಗೆ ನಿದ್ದೆಯಿಲ್ಲದಾಯಿತು.

ಮೊದಲು ಕದದ ವಿಷಯವನ್ನು ನೋಡೋಣ. ಆಶ್ಚರ್ಯವೇನೆಂದರೆ, ಬೆಳಿಗ್ಗೆ ನಾವು ನೋಡಿದಾಗ ಕೀಲಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅದು ಹಾಕಿದ ಹಾಗೆಯೇ ಭದ್ರವಾಗಿ, ಕೊಂಡಿಯ ಸಮೇತ ನೆಲದ ಮೇಲೆ ಬಿದ್ದಿದ್ದಿತು. ಕಳ್ಳನು ಕೀಲಿಯ ಗೊಡವೆಗೇ ಹೋಗಿರಲಿಲ್ಲ. ಕಬ್ಬಿಣದ ಸಲಾಕೆಯೊಂದನ್ನು ಕೊಂಡಿಯ ಪಟ್ಟಿಯ ಹಿಂದೆ ತೂರಿಸಿ ಮೀಟಿದ್ದನು. ಇದು ನೀವು ಪ್ರೌಢಶಾಲೆಯಲ್ಲಿ ಓದಿದ ಸನ್ನೆಗೋಲೇ. ಸಲಾಕೆಯ ಉದ್ದ 60 ಸೆಂಟಿಮೀಟರ್. ಅದು ಕದಕ್ಕೆ ಆನಿಕೊಂಡ ಬಿಂದುವಿನಿಂದ ಪಟ್ಟಿಯವರೆಗೆ 3 ಸೆಂಟಿಮೀಟರ್, ಕೈಯವರೆಗೆ 57 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಆಗ ಕೈಯ ಬಲ 19 ಪಟ್ಟಾಗುತ್ತದೆ. 25 ಕಿಲೋಗ್ರಾಂ ಭಾರದಷ್ಟು ಬಲವನ್ನು ಯಾವ ತರುಣನಾದರೂ ಹಾಕಬಲ್ಲನು. ಪಟ್ಟಿಯ ಮೇಲೆ ಅದು 475 ಕಿಲೋಗ್ರಾಂ ಭಾರವಾಗಿ ಬೀಳುತ್ತದೆ. ಒಣಗಿ ಟೊಳ್ಳಾದ ಮರದಲ್ಲಿ ಹೊಕ್ಕ ನಾಲ್ಕು ಗಿಡ್ಡ ತಿರುಪು ಮೊಳೆಗಳು ಅದನ್ನು ತಡೆಯಲಾರವು.

ಕದ ದುರಸ್ತಿಗೆಂದು ಹುನಗುಂದದಿಂದ ಬಂದ ಪರಿಚಯದ ಬಡಿಗರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಸರ, ಕೀಲಿಗೆ ಐನೂರು ರೂಪಾಯಿ ಕೊಟ್ಟೀರಿ, ಮೊಳಿಗೆ ಐದು ರೂಪಾಯಿ ಕೊಟ್ಟಿಲ್ಲ.” ಸರಪಳಿಯ ಬಲವೆಂದರೆ ಅದರ ಅತ್ಯಂತ ದುರ್ಬಲ ಕೊಂಡಿಯ ಬಲವೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವ ನಾನು, ನನ್ನ ಮನೆಯ ಕದದಲ್ಲಿ ಆ ಕೊಂಡಿಯನ್ನು ನೋಡಿಯೇ ಇರಲಿಲ್ಲ! ಅವರು ಮೊಳೆಗಳನ್ನು ತೆಗೆದು, ಕದದ ದಪ್ಪವನ್ನೆಲ್ಲ ಹಾಯ್ದು ಹೋಗುವ ಬೋಲ್ಟುಗಳನ್ನು ಹಾಕಿ, ಒಳಗಡೆ ಅಗಲವಾದ ಕಬ್ಬಿಣದ ಬಿಲ್ಲೆ ಕೊಟ್ಟು ನಟ್ಟು ಬಿಗಿದರು. ಈಗ ಎಳೆಯುವ ಬಲವು ಮೊಳೆಯ ಸುತ್ತಲಿನ ನಾಲ್ಕಾರು ಎಳೆ ಮರದ ಮೇಲಲ್ಲ, ಇಡೀ ಹಲಗೆಯ ಮೇಲೆ ಹಂಚಿಹೋಗುತ್ತದೆ.

ಈ ತತ್ವವನ್ನು ನಮ್ಮ ಹಿರಿಯರು ಅರಿಯದವರಾಗಿರಲಿಲ್ಲ. ಬಾದಾಮಿಯ ಕಡೆಯ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಬಾಗಿಲ ಹಿಂದೆ ಅಗಳಿ ಇರುವುದನ್ನು ನೀವು ಕಂಡಿರಬಹುದು. ತೊಲೆಯಂತಹ ಒಂದು ಮರ. ಗೋಡೆಯೊಳಗಿನ ತೂತಿನಿಂದ ಎಳೆದು ಎದುರಿನ ಗೋಡೆಯ ಗೂಡಿಗೆ ಸೇರಿಸಿದರಾಯಿತು. ಹೊರಗಿನಿಂದ ಕದಕ್ಕೆ ಗುದ್ದಿದವನು ಮೊಳೆಯನ್ನಲ್ಲ, ಮೊಳದಗಲದ ಗೋಡೆಯನ್ನೇ ಗುದ್ದಿದಂತೆ. ಅದರಲ್ಲಿ ಒಂದು ಮೊಳೆಯೂ ಇಲ್ಲ. ಆದರೆ ಅಗಳಿಯನ್ನು ಹಾಕಲು ಒಳಗೆ ಒಬ್ಬರು ಇರಲೇಬೇಕು. ಮನೆಯಲ್ಲಿ ಯಾರೂ ಇಲ್ಲದಾಗಲೂ ಕಾಯುವ ಸಾಧನ ಬೇಕೆಂದಾಗ ಕೀಲಿ ಬಂದಿತು.

ಕೀಲಿಯಾದರೂ ಏನು ಮಾಡುತ್ತದೆ? ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿಯ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಕೀಲಿಯನ್ನು ಇಟ್ಟಿದ್ದರು. ಅದನ್ನು ಕೀಲಿಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ. ಅರವತ್ತು ವರ್ಷ ಯಾರಿಂದಲೂ ಆಗಲಿಲ್ಲ. 1851ರ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದಿದ್ದ ಆಲ್‌ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಕೀಲಿಗಾರನು 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಿ ಅದನ್ನು ತೆರೆದುಬಿಟ್ಟನು. ಕೀಲಿ ಸೋತಿತೆಂದು ಜನ ಗದ್ದಲ ಮಾಡಿದರು. ಆದರೆ ವಿಚಾರಿಸಿ ನೋಡಿ: ಯಾವ ಕಳ್ಳನಿಗೆ 51 ಗಂಟೆ ಬಿಡುವಿರುತ್ತದೆ? ಕೀಲಿಯ ಕೆಲಸ ಕಳ್ಳನನ್ನು ಎಂದೆಂದಿಗೂ ತಡೆಯುವುದಲ್ಲ, ಅವನ ಕಾಲವನ್ನು ತಿನ್ನುವುದು. ಆ ಕಾಲದೊಳಗೆ ಯಾರಾದರೂ ನೋಡಬೇಕು, ಯಾರಾದರೂ ಕೇಳಬೇಕು. ನೋಡುವವರೂ ಕೇಳುವವರೂ ಇಲ್ಲದೆಡೆ ಎಂತಹ ಕೀಲಿಯಾದರೂ ಕಬ್ಬಿಣದ ತುಂಡಷ್ಟೆ.

ಕೇಳುವ ಮಾತು ಬಂದುದರಿಂದ ಈಗ ನಮ್ಮ ತಾಯಿಯ ಕಿವಿಯ ವಿಷಯಕ್ಕೆ ಬರೋಣ. ಕದ ಗಟ್ಟಿಯಾಯಿತು, ಭಯ ಹೋಗಲಿಲ್ಲ. ರಾತ್ರಿ ಎರಡು ಸಲ, ಮೂರು ಸಲ ಅವರು ನನ್ನನ್ನು ಎಬ್ಬಿಸುವರು: “ತಮ್ಮಾ, ಶೆಡ್ಡಿನ್ಯಾಗ ಯಾರೋ ಅದಾರ ನೋಡು.” ನಾನು ಟಾರ್ಚು ಹಿಡಿದು ಹೋಗಿ ಬರುವೆನು, ಯಾರೂ ಇರುತ್ತಿರಲಿಲ್ಲ. “ಅವ್ವಾ, ಸುಮ್ಮನ ಹೆದರಬ್ಯಾಡ” ಎಂದು ಹೇಳುವೆನು. ಹಾಗೆ ಹೇಳಿದುದು ತಪ್ಪೆಂದು ನನಗೆ ಆಮೇಲೆ ತಿಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ರೇಡಾರಿನ ಪರದೆಯ ಮುಂದೆ ಕುಳಿತವರಿಗೆ ಇದೇ ತೊಡಕು ಇದ್ದಿತು. ಮಿನುಗಿದ ಚುಕ್ಕೆ ವೈರಿಯ ವಿಮಾನವೋ, ಬರಿಯ ಗೊಂದಲವೋ? ಪ್ರತಿ ಚುಕ್ಕೆಗೂ ಕೂಗಿಕೊಂಡರೆ ಸುಳ್ಳು ಎಚ್ಚರಿಕೆಗಳು ಹೆಚ್ಚುವವು. ಖಚಿತವಾಗುವವರೆಗೆ ಸುಮ್ಮನಿದ್ದರೆ ನಿಜವಾದ ವಿಮಾನವೇ ತಪ್ಪಿಹೋದೀತು. ಈ ಎರಡು ತಪ್ಪುಗಳನ್ನು ಒಟ್ಟಿಗೆ ಸೊನ್ನೆ ಮಾಡಲು ಬರುವುದಿಲ್ಲ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ರೇಡಾರಿನ ಈ ಗಣಿತವನ್ನು 1954ರಲ್ಲಿ ಟ್ಯಾನರ್ ಮತ್ತು ಸ್ವೆಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮನುಷ್ಯನ ಇಂದ್ರಿಯಗಳಿಗೂ ಅನ್ವಯಿಸಿ ತೋರಿಸಿದರು. ನಮ್ಮ ಮೆದುಳು ಯಾವ ಸಪ್ಪಳಕ್ಕೆ ಎಚ್ಚರಗೊಳ್ಳಬೇಕೆಂಬುದಕ್ಕೆ ಒಂದು ಮಟ್ಟವನ್ನು ಇಟ್ಟುಕೊಂಡಿರುತ್ತದೆ. ಒಮ್ಮೆ ಕಳ್ಳತನವಾದ ಮೇಲೆ ಅದು ಆ ಮಟ್ಟವನ್ನು ತಾನಾಗಿ ಕೆಳಗಿಳಿಸುತ್ತದೆ. ಆಗ ಮೊದಲು ಕೇಳಿಸಿಯೂ ಕೇಳಿಸದಿದ್ದ ಸಪ್ಪಳಗಳೆಲ್ಲ ಎಬ್ಬಿಸತೊಡಗುತ್ತವೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಓಡಲು ಇಲ್ಲವೆ ಹೋರಾಡಲು ಶರೀರವು ಹೀಗೆ ಅಣಿಯಾಗುತ್ತದೆಂದು, ಅದರಲ್ಲಿ ಅಡ್ರಿನಲಿನ್ ರಸದ ಕೈವಾಡವಿದೆಯೆಂದು ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದನು. ಇದು ಹೇಡಿತನವಲ್ಲ, ನಷ್ಟವನ್ನು ಕಂಡ ಮೆದುಳು ಮಾಡಿದ ಲೆಕ್ಕಾಚಾರ. ಸುಳ್ಳು ಎಚ್ಚರಿಕೆಗೆ ತೆರಬೇಕಾದ ಬೆಲೆ ಒಂದು ಗಳಿಗೆಯ ನಿದ್ದೆ. ನಿಜವಾದ ಕಳ್ಳ ತಪ್ಪಿಹೋದರೆ ಬೆಲೆ ಅದಕ್ಕಿಂತ ದೊಡ್ಡದು.

ನಿದ್ದೆಗೆಟ್ಟು ಸೊರಗಿದ ತಾಯಿಯನ್ನು ಹದಿನೈದು ದಿನ ಅವರ ತವರೂರಾದ ಇಳಕಲ್ಲಿಗೆ ಕಳಿಸಿದೆವು. ಅಲ್ಲಿಯದು ನೇಕಾರರ ಓಣಿ. ಒಂದಲ್ಲ ಒಂದು ಮನೆಯಲ್ಲಿ ಮಗ್ಗ ರಾತ್ರಿ ತಡವಾಗಿಯೂ ಸದ್ದು ಮಾಡುತ್ತಿರುತ್ತದೆ. ಬಾಗಿಲಿಗೆ ಬರಿಯ ಒಂದು ಚಿಲಕ. ಆದರೂ ಆ ಸದ್ದಿನಲ್ಲಿಯೇ ಅವರು ಕಣ್ತುಂಬ ನಿದ್ದೆ ಮಾಡಿದರು! ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಮಗ್ಗದ ಸದ್ದು ಸಣ್ಣಪುಟ್ಟ ಸಪ್ಪಳಗಳನ್ನು ಮುಚ್ಚಿಹಾಕುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಯಾರೋ ಎಚ್ಚರವಾಗಿದ್ದಾರೆಂದು ಸಾರುತ್ತದೆ. ಆದರೆ ನವನಗರಕ್ಕೆ ಮರಳಿದ ಮೊದಲ ರಾತ್ರಿಯೇ ಹಳೆಯ ಭಯವೂ ಮರಳಿತು. ಭಯವನ್ನು ಬಿಟ್ಟು ದೂರ ಹೋದರೆ ಶರೀರಕ್ಕೆ ವಿಶ್ರಾಂತಿ ದೊರೆಯುತ್ತದೆ. ಆದರೆ ಭಯಪಟ್ಟ ಸ್ಥಳದ ಬಗ್ಗೆ ಮೆದುಳು ಹೊಸ ಪಾಠವನ್ನು ಕಲಿಯುವುದಿಲ್ಲ.

ಆಗ ನಾವಿಬ್ಬರೂ ಸೇರಿ ಒಂದು ಪ್ರಯೋಗವನ್ನು ಹೂಡಿದೆವು. ಸಾಧನಗಳು ಮೂರೇ: ಒಂದು ವಹಿ, ಒಂದು ಗಡಿಯಾರ, ಶೆಡ್ಡಿನ ತಗಡಿಗೆ ಕಟ್ಟಿದ ಒಂದು ಉಷ್ಣಮಾಪಕ. ಸಪ್ಪಳ ಕೇಳಿಸಿದೊಡನೆ ತಾಯಿ ಹೊತ್ತನ್ನೂ ಸಪ್ಪಳದ ಬಗೆಯನ್ನೂ ಬರೆಯಬೇಕು. ಉಷ್ಣಮಾನವನ್ನು ನಾನು ಬರೆಯಬೇಕು. ವಾರದೊಳಗಾಗಿ ವಹಿಯೇ ಮಾತನಾಡತೊಡಗಿತು. “ಟಕ್” ಎಂಬ ಸಪ್ಪಳಗಳು ಬಹುಪಾಲು ಹೊತ್ತು ಮುಳುಗಿದ ಮೇಲಿನ ಮೂರು ನಾಲ್ಕು ಗಂಟೆಗಳಲ್ಲಿಯೇ, ತಗಡು ಬೇಗಬೇಗ ತಣಿಯುವಾಗಲೇ ಬರುತ್ತಿದ್ದವು. ಉಕ್ಕಿನ ತಗಡು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ, ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ, ಕುಗ್ಗುತ್ತದೆ. ನಮ್ಮ ಬಿಸಿಲಿಗೆ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದ 3 ಮೀಟರಿನ ತಗಡು ರಾತ್ರಿ 25 ಡಿಗ್ರಿಗೆ ಇಳಿದರೆ ಸುಮಾರು 1.3 ಮಿಲಿಮೀಟರ್ ಕುಗ್ಗಬೇಕು. ಆದರೆ ಬೋಲ್ಟುಗಳು ಅದನ್ನು ಹಿಡಿದಿವೆ, ಘರ್ಷಣೆ ಬಿಡುವುದಿಲ್ಲ. ಬಿಗಿತ ಏರುತ್ತ ಏರುತ್ತ ಹೋಗಿ ಘರ್ಷಣೆಯನ್ನು ಮೀರಿದ ಕ್ಷಣದಲ್ಲಿ ತಗಡು ಒಮ್ಮೆಲೆ ಜಾರುತ್ತದೆ: ಟಕ್! ಕಳ್ಳನ ಸಲಾಕೆಯಲ್ಲ, ಸೂರ್ಯನ ಸಾಲ ತೀರುವ ಸದ್ದು.

ಅದೇ ತಗಡು ಬೆಳಿಗ್ಗೆ ಬಿಸಿಲೇರುವಾಗಲೂ ಟಕ್ಕೆನ್ನುತ್ತದೆ. ಆದರೆ ಯಾರಿಗೂ ಕೇಳಿಸುವುದಿಲ್ಲ. ಇದಕ್ಕೆ ಕಾರಣ ಹಗಲಿನ ಗದ್ದಲ. ಗದ್ದಲವು 20 ಡೆಸಿಬೆಲ್ ಇಳಿಯಿತೆಂದರೆ ಅದರ ಶಕ್ತಿ ನೂರರಲ್ಲಿ ಒಂದು ಪಾಲಾಯಿತೆಂದು ಅರ್ಥ. ಇಷ್ಟೇ ಅಲ್ಲ, ನಿರಭ್ರವಾದ ರಾತ್ರಿ ನೆಲ ಬೇಗ ತಣಿದು, ನೆಲಕ್ಕೆ ಹತ್ತಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ತಂಪು ಗಾಳಿಯಲ್ಲಿ ಶಬ್ದದ ವೇಗ ಕಡಿಮೆ. ಆದಕಾರಣ ಮೇಲಕ್ಕೆ ಹೊರಟ ಶಬ್ದವು ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ಹಗಲು ಕೇಳಿಸದ ರೈಲಿನ ಕೂಗು ರಾತ್ರಿ ಅಂಗಳದಲ್ಲಿಯೇ ಕೂಗಿದಂತೆ ಕೇಳಿಸುವುದು ಇದರಿಂದ. ದೂರದ ರಸ್ತೆಯಲ್ಲಿ ಯಾರೋ ಮಾತನಾಡಿದರೆ ಕಂಪೌಂಡಿನೊಳಗೇ ಮಾತನಾಡಿದಂತೆ ತಾಯಿಗೆ ತೋರುತ್ತಿದ್ದುದೂ ಇದರಿಂದಲೇ. ಉಳಿದುದು “ಪರಪರ” ಎಂಬ ಸಪ್ಪಳ. ಅದು ನಡುರಾತ್ರಿಯ ಮೇಲೆ ಬರುತ್ತಿತ್ತು. ಉಷ್ಣಮಾನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮೂಲೆಯಲ್ಲಿ ಹಿಟ್ಟು ಚೆಲ್ಲಿ ನೋಡಿದೆವು. ಬೆಳಿಗ್ಗೆ ಹೆಗ್ಗಣದ ಹೆಜ್ಜೆಗಳು ಮೂಡಿದ್ದವು.

ಇದರ ಜೊತೆಗೆ ಶೆಡ್ಡಿನ ಮುಂದೆ, ಯಾರಾದರೂ ಬಂದರೆ ತಾನೇ ಹತ್ತುವ ದೀಪವೊಂದನ್ನು ಕೂಡಿಸಿದೆನು. ಮನುಷ್ಯನ ಚರ್ಮವು ಸುಮಾರು 9.5 ಮೈಕ್ರೊಮೀಟರ್ ತರಂಗದೂರದ ಸುತ್ತಮುತ್ತ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹೊರಸೂಸುತ್ತದೆ. ಆ ಕಿರಣಗಳ ಏರಿಳಿತವನ್ನು ದೀಪದೊಳಗಿನ ಹರಳು ಗುರುತಿಸುತ್ತದೆ. ಮೊದಲ ದಿನಗಳಲ್ಲಿ ಅದು ಬೆಕ್ಕು ಬಂದರೂ ಹತ್ತುತ್ತಿತ್ತು. ಸೂಕ್ಷ್ಮತೆಯ ತಿರುಪನ್ನು ತುಸು ಇಳಿಸಿದೆನು, ಸರಿಹೋಯಿತು. ಬಹಳ ಇಳಿಸುವಂತೆಯೂ ಇಲ್ಲ, ಏಕೆಂದರೆ ನಮ್ಮ ಕಡೆಯ ಬೇಸಿಗೆಯ ಸಂಜೆ ಗೋಡೆಯೂ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿದ್ದಾಗ ದೀಪಕ್ಕೆ ಮನುಷ್ಯನೇ ಕಾಣದೆ ಹೋಗಬಹುದು. ಇದನ್ನೆಲ್ಲ ನೋಡುತ್ತಿದ್ದ ತಾಯಿ ಕೇಳಿದರು: “ನನ್ನ ಕಿವಿಗೂ ಇಂಥಾದ್ದೊಂದು ತಿರುಪ ಐತೇನು?”

ಇದೆ. ಆದರೆ ಅದು ಬೈದರೆ ತಿರುಗುವುದಿಲ್ಲ, ನಕ್ಕರೂ ತಿರುಗುವುದಿಲ್ಲ. ಗಂಟೆ ಬಾರಿಸಿ ಆಹಾರ ಕೊಟ್ಟು ನಾಯಿಗಳ ಬಾಯಲ್ಲಿ ನೀರೂರಿಸಿದ ರಷ್ಯದ ಪಾವ್ಲೋವನ ಪ್ರಯೋಗಗಳನ್ನು ನೀವು ಓದಿರಬಹುದು. ಸಂಜ್ಞೆ ಬಂದು ಆಹಾರ ಬಾರದಿದ್ದರೆ, ಹಲವು ಸಲಗಳ ಮೇಲೆ ನೀರೂರುವುದು ನಿಲ್ಲುತ್ತದೆ. ಭಯಕ್ಕೂ ಇದೇ ನಿಯಮ. ಸಪ್ಪಳ ಬಂದಿತು, ಕೆಡುಕು ಬರಲಿಲ್ಲ. ಇದು ಮತ್ತೆ ಮತ್ತೆ ಆಗಬೇಕು, ಅದೇ ಮನೆಯಲ್ಲಿ ಆಗಬೇಕು. ಹಳೆಯ ಪಾಠ ಅಳಿಸಿಹೋಗುವುದಿಲ್ಲ. ಅದರ ಮೇಲೆ ಹೊಸ ಪಾಠ ಬರೆಯಲ್ಪಡುತ್ತದೆ. ಸಪ್ಪಳಕ್ಕೆ ಹೆಸರು ಗೊತ್ತಾದರೆ ಈ ಬರವಣಿಗೆ ಬೇಗ ಸಾಗುತ್ತದೆ. ಆದುದರಿಂದ ಹೆದರಿದವರಿಗೆ “ಏನೂ ಇಲ್ಲ, ಮಲಗು” ಎನ್ನುವುದಕ್ಕಿಂತ “ಏನಿದೆಯೋ ಬಾ, ನೋಡೋಣ” ಎನ್ನುವುದು ಮೇಲು. ತಿಂಗಳು ಕಳೆದರೂ ನಿದ್ದೆ ಬಾರದೆ, ಕೆಟ್ಟ ಕನಸುಗಳು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ವಿದ್ಯಾರ್ಥಿ ಮಿತ್ರರೇ, ಶೆಡ್ಡು ಮನೆಯಲ್ಲ, ಅದಕ್ಕೇಕೆ ಇಷ್ಟು ಚಿಂತೆಯೆಂದು ನಿಮ್ಮಲ್ಲಿ ಯಾರಾದರೂ ಎಂದಾರು. ನಮ್ಮ ಕಾನೂನು ಹಾಗೆನ್ನುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ, ಅದಕ್ಕೆ ಮೊದಲಿದ್ದ ದಂಡ ಸಂಹಿತೆಯೂ, ಸ್ವತ್ತನ್ನು ಕಾಯ್ದಿಡುವ ಕಟ್ಟಡವನ್ನು ವಾಸದ ಮನೆಯ ಸಾಲಿನಲ್ಲಿಯೇ ಇರಿಸಿವೆ. ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ಅದನ್ನು ಒಡೆದರೆ ಹೆಚ್ಚಿನ ಶಿಕ್ಷೆಯನ್ನು ಹೇಳಿವೆ. ಅದಕಾರಣ ಕದ ಮುರಿದುದನ್ನು ಕಂಡರೆ ಒಳಗೆ ನುಗ್ಗಬೇಡಿ, ಯಾವುದನ್ನೂ ಮುಟ್ಟಬೇಡಿ. ಒಳಗೆ ಯಾರಾದರೂ ಇದ್ದಾರೆಂಬ ಸಂಶಯ ಬಂದರೆ ದೂರ ನಿಂತು 112ಕ್ಕೆ ಫೋನು ಮಾಡಿ. ಇವತ್ತೇ ಸಂಜೆ ನಿಮ್ಮ ಮನೆಯ ಕದದ ಬಳಿ ಹೋಗಿ, ಕೀಲಿಯನ್ನಲ್ಲ, ಅದನ್ನು ಹಿಡಿದಿರುವ ಮೊಳೆಗಳನ್ನು ನೋಡಿ. ಆಮೇಲೆ ಪಕ್ಕದ ಮನೆಯವರ ಹೆಸರನ್ನೂ ಫೋನು ನಂಬರನ್ನೂ ಬರೆದುಕೊಳ್ಳಿ. ಕೀಲಿ ಗಳಿಸಿಕೊಟ್ಟ ಕಾಲವನ್ನು ಉಪಯೋಗಿಸಬಲ್ಲವರು ಅವರೇ.

ಸೈಕಲ್ಲು ಇನ್ನೂ ಸಿಕ್ಕಿಲ್ಲ. ತಾಯಿಯ ವಹಿ ಮಾತ್ರ ಮೂರನೆಯ ತಿಂಗಳಿನಲ್ಲಿ ತಾನಾಗಿಯೇ ನಿಂತುಹೋಯಿತು. ಮೊನ್ನೆ ರಾತ್ರಿ ಹತ್ತು ಗಂಟೆಗೆ ಶೆಡ್ಡಿನಿಂದ ದೊಡ್ಡದೊಂದು ಸಪ್ಪಳವಾದಾಗ ಹಾಸಿಗೆಯಿಂದ ಎದ್ದು ಕುಳಿತವನು ನಾನು. ಪಡಸಾಲೆಯಿಂದ ತಾಯಿಯ ದನಿ ಬಂದಿತು: “ತಗಡು ತಣ್ಣಗಾಗಾಕತ್ತೈತಿ, ಮಲಕೋ ತಮ್ಮಾ.”