ಮೂವತ್ತೆರಡು ಮಂದಿಗೆ ಸ್ವೀನಿ ಟಾಡ್

ಕೊಲೆಗಾರ ಕ್ಷೌರಿಕನೊಬ್ಬನ ಕಥೆಯಾದ ‘ಸ್ವೀನಿ ಟಾಡ್’ ಎಂಬ ಸಂಗೀತ ನಾಟಕ 1979ರ ಮಾರ್ಚ್ 1ರಂದು ಬ್ರಾಡ್‌ವೇಗೆ ಬಂದದ್ದು ನ್ಯೂಯಾರ್ಕಿನ ಯೂರಿಸ್ ಥಿಯೇಟರಿನಲ್ಲಿ. ಈಗ ಗರ್ಶ್ವಿನ್ ಎಂಬ ಹೆಸರು ಹೊತ್ತಿರುವ ಆ ರಂಗಮಂದಿರ ಬ್ರಾಡ್‌ವೇಯ ಅತಿ ದೊಡ್ಡ ಮಂದಿರಗಳಲ್ಲಿ ಒಂದು. ಒಮ್ಮೆಗೆ ಸುಮಾರು 1,900 ಮಂದಿ ಕೂರುವಷ್ಟು ವಿಶಾಲ. ಅದೇ ನಾಟಕವನ್ನು 2014ರಲ್ಲಿ ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ ಹಳೆಯದೊಂದು ತಿನಿಸಿನ ಅಂಗಡಿಯೊಳಗೆ ಆಡಿದರು. ಅಲ್ಲಿ ಜಾಗವಿದ್ದದ್ದು 32 ಮಂದಿಗೆ. ಕಥೆ ಅದೇ, ಹಾಡುಗಳು ಅವೇ, ಕೊಲೆಗಳೂ ಅವೇ. ಬದಲಾದದ್ದು ನೋಡುವವರಿಗೂ ಕ್ಷೌರಿಕನ ಕತ್ತಿಗೂ ನಡುವಿನ ದೂರ.

ದೊಡ್ಡ ಸಂಗೀತ ನಾಟಕವನ್ನು ಸಣ್ಣ ಜಾಗಕ್ಕೆ ಹೊಂದಿಸುವುದು ಈಗ ಲಂಡನ್ ಮತ್ತು ನ್ಯೂಯಾರ್ಕಿನ ರಂಗಭೂಮಿಯಲ್ಲಿ ತನ್ನದೇ ಆದ ಒಂದು ಕಸುಬು. ಈ ನಾಟಕಗಳ ಹುಟ್ಟನ್ನು ಗಮನಿಸಿದರೆ ಅದರ ಕಷ್ಟ ಅರ್ಥವಾಗುತ್ತದೆ. ನಮ್ಮ ಕಂಪನಿ ನಾಟಕಗಳಲ್ಲೂ ಹಾಡು ಕಥೆಯನ್ನು ಹೊತ್ತು ಸಾಗುತ್ತಿತ್ತು. ಆದರೆ ಅಲ್ಲಿ ಹಾರ್ಮೋನಿಯಂ ಮೇಷ್ಟ್ರು ನಟನ ಮುಖ ನೋಡಿ ಪದವನ್ನು ಎಳೆಯಬಲ್ಲರು, ಮೊಟಕುಗೊಳಿಸಬಲ್ಲರು, ಪಕ್ಕವಾದ್ಯ ಒಂದು ಕಡಿಮೆಯಾದರೂ ಆಟ ನಡೆಸಬಲ್ಲರು. ಪಾಶ್ಚಾತ್ಯ ಮ್ಯೂಸಿಕಲ್‌ನಲ್ಲಿ ಪ್ರತಿ ವಾದ್ಯವೂ ಯಾವ ಗಳಿಗೆಯಲ್ಲಿ ಯಾವ ಸ್ವರ ನುಡಿಸಬೇಕೆಂಬುದು ಕಾಗದದ ಮೇಲೆ ಬರೆದಿರುತ್ತದೆ. ಒಂದು ವಾದ್ಯ ತೆಗೆದರೆ ಅದರ ಸ್ವರಗಳನ್ನು ಯಾರು ಹೊರಬೇಕೆಂಬ ಪ್ರಶ್ನೆ ಏಳುತ್ತದೆ. ಕರ್ತೃಗಳ, ಇಲ್ಲವೇ ಹಕ್ಕುದಾರರ ಅನುಮತಿಯಿಲ್ಲದೆ ಹಾಗೆ ತೆಗೆಯುವಂತೆಯೂ ಇಲ್ಲ.

‘ಸ್ವೀನಿ ಟಾಡ್’ ಮೂಲದಲ್ಲಿ 1846–47ರ ಸುಮಾರಿಗೆ ಲಂಡನ್ನಿನ ಅಗ್ಗದ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಭಯಾನಕ ಕಥೆ. ಫ್ಲೀಟ್ ಸ್ಟ್ರೀಟಿನ ಕ್ಷೌರಿಕ ಗಿರಾಕಿಗಳ ಕತ್ತು ಕುಯ್ಯುತ್ತಾನೆ. ಪಕ್ಕದ ಮಿಸೆಸ್ ಲವೆಟ್ ಆ ಹೆಣಗಳ ಮಾಂಸವನ್ನು ಪೈ ಎಂಬ ತಿನಿಸಿನೊಳಗೆ ತುಂಬಿ ಮಾರುತ್ತಾಳೆ. ಕ್ರಿಸ್ಟಫರ್ ಬಾಂಡ್ ಎಂಬ ನಾಟಕಕಾರ ಈ ಕಥೆಗೆ ಹೊಸ ಜೀವ ಕೊಟ್ಟ. ಅವನ ನಾಟಕದ ಟಾಡ್ ಸುಮ್ಮನೆ ಕೊಲ್ಲುವ ರಾಕ್ಷಸನಲ್ಲ. ನ್ಯಾಯಾಧೀಶನೊಬ್ಬ ಇವನ ಹೆಂಡತಿಯ ಮೇಲೆ ಕಣ್ಣಿಟ್ಟು, ಸುಳ್ಳು ಆರೋಪ ಹೊರಿಸಿ ಗಡೀಪಾರು ಮಾಡಿದ ಬಡಪಾಯಿ. ಲಂಡನ್ನಿನ ಸ್ಟ್ರ್ಯಾಟ್‌ಫರ್ಡ್ ಈಸ್ಟ್‌ನಲ್ಲಿ 1973ರಲ್ಲಿ ಆ ನಾಟಕ ನೋಡಿದ ಅಮೆರಿಕದ ಸಂಗೀತಕಾರ ಸ್ಟೀಫನ್ ಸಾಂಡ್‌ಹೈಮ್ ಅದನ್ನು ಸಂಗೀತಕ್ಕೆ ಅಳವಡಿಸಲು ಹೊರಟರು. ಸಂಭಾಷಣೆ ಹ್ಯೂ ವೀಲರ್ ಅವರದು.

ಸಾಂಡ್‌ಹೈಮ್ ಅವರ ಮನಸ್ಸಿನಲ್ಲಿದ್ದದ್ದು ಸಣ್ಣ ನಾಟಕ. ಕವಿದ ಮಂಜು, ಮಸುಕು ದೀಪ, ಪಕ್ಕದಲ್ಲೇ ಯಾರೋ ಧುತ್ತೆಂದು ಎದ್ದು ನಿಂತರೆ ಬೆಚ್ಚಿಬೀಳುವಷ್ಟು ಇಕ್ಕಟ್ಟಾದ ಜಾಗ. ನಿರ್ದೇಶಕ ಹೆರಾಲ್ಡ್ ಪ್ರಿನ್ಸ್ ಅದರಲ್ಲಿ ಬೇರೆಯದನ್ನೇ ಕಂಡರು. ಅವರಿಗೆ ಇದು ಯಂತ್ರಯುಗದ ಕಥೆ, ಕಾರ್ಖಾನೆಗಳ ಹೊಗೆಯಲ್ಲಿ ಮನುಷ್ಯನೂ ಸರಕಾಗಿಹೋದ ಕಾಲದ ಕಥೆ. ರಂಗಸಜ್ಜಿಕೆಯ ಯೂಜೀನ್ ಲೀ ರೋಡ್ ಐಲೆಂಡ್‌ನಲ್ಲಿ ಮುಚ್ಚಿಹೋಗಿದ್ದ ಕಬ್ಬಿಣದ ಎರಕದ ಕಾರ್ಖಾನೆಯ ಭಾಗಗಳನ್ನು ತರಿಸಿ ಯೂರಿಸ್ ರಂಗದ ಮೇಲೆ ನಿಲ್ಲಿಸಿದರು. ಜೊನಾಥನ್ ಟ್ಯೂನಿಕ್ 26 ವಾದ್ಯಗಾರರಿಗಾಗಿ ವಾದ್ಯಸಂಯೋಜನೆ ಬರೆದರು. ಕಾರ್ಖಾನೆಯ ಸೀಟಿ ಕಿವಿ ಸೀಳುವಂತೆ ಕೂಗುತ್ತಿತ್ತು. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕವೂ ಸೇರಿ ಎಂಟು ಟೋನಿ ಪ್ರಶಸ್ತಿಗಳು ಬಂದವು; 557 ಪ್ರದರ್ಶನಗಳು ನಡೆದವು. ಮರುವರ್ಷ ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಲಂಡನ್ನಿನ ಡ್ರೂರಿ ಲೇನ್ ಮಂದಿರಕ್ಕೆ ಹೋದಾಗ ಮಾತ್ರ 157 ಪ್ರದರ್ಶನಗಳಿಗೇ ಮುಗಿದುಹೋಯಿತು.

ಅಷ್ಟು ದೊಡ್ಡ ರಂಗದ ನಡುವೆಯೂ ಕಥೆ ನಡೆಯುತ್ತಿದ್ದದ್ದು ಒಂದು ಸಣ್ಣ ಪೆಟ್ಟಿಗೆಯಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಕೆಳಗೆ ಪೈ ಅಂಗಡಿ, ಮೇಲೆ ಕ್ಷೌರದ ಕೋಣೆ. ಈ ಗೂಡನ್ನು ನಟರೇ ತಳ್ಳಿ ತಿರುಗಿಸುತ್ತಿದ್ದರು. ಕತ್ತು ಕುಯ್ದ ಮೇಲೆ ಹೆಣ ಕುರ್ಚಿಯಿಂದ ಜಾರಿ ಕೆಳಕ್ಕೆ ಇಳಿಯುತ್ತಿತ್ತು. ಸುತ್ತ ನಿಂತ ಕಬ್ಬಿಣವೆಲ್ಲ ಪ್ರಿನ್ಸ್ ಅವರ ಯೋಚನೆ. ನಡುವಿನ ಆ ಪುಟ್ಟ ಅಂಗಡಿ ನಾಟಕದ ಸ್ವಂತದ್ದು. ಮುಂದೆ ಬಂದ ಸಣ್ಣ ಪ್ರಯೋಗಗಳನ್ನು ನೋಡಿದರೆ, ಅವು ನಾಟಕವನ್ನು ಕತ್ತರಿಸಿದವು ಅನ್ನುವುದಕ್ಕಿಂತ, ಈ ಗೂಡಿನ ಸುತ್ತ ಬೆಳೆದಿದ್ದ ಕಾರ್ಖಾನೆಯನ್ನು ಕಳಚಿದವು ಅನ್ನುವುದು ಸರಿ.

ಹತ್ತು ವರ್ಷಗಳ ಬಳಿಕ, 1989ರಲ್ಲಿ, ಸೂಸನ್ ಶುಲ್ಮನ್ ನಿರ್ದೇಶನದ ಪ್ರಯೋಗ ನ್ಯೂಯಾರ್ಕಿನ ಸರ್ಕಲ್ ಇನ್ ದ ಸ್ಕ್ವೇರ್ ಮಂದಿರಕ್ಕೆ ಬಂತು. ವಾದ್ಯವೃಂದದ ಜಾಗದಲ್ಲಿ ಸಿಂಥಸೈಜರ್‌ಗಳು ಕುಳಿತವು. ಜನ ಅದಕ್ಕೆ ಪ್ರೀತಿಯಿಂದ ‘ಟೀನಿ ಟಾಡ್’, ಎಂದರೆ ಪುಟಾಣಿ ಟಾಡ್, ಎಂದು ಹೆಸರಿಟ್ಟರು. ಬ್ರಿಟನ್ನಿನ ನ್ಯಾಷನಲ್ ಥಿಯೇಟರ್ 1993ರಲ್ಲಿ ಇದೇ ನಾಟಕಕ್ಕೆ ಆರಿಸಿಕೊಂಡದ್ದು ತನ್ನ ಮೂರು ಮಂದಿರಗಳಲ್ಲಿ ಅತಿ ಚಿಕ್ಕದಾದ ಕಾಟೆಸ್ಲೊವನ್ನು.

ನಿಜವಾದ ತಿರುವು ಬಂದದ್ದು 2004ರಲ್ಲಿ. ಇಂಗ್ಲೆಂಡಿನ ನ್ಯೂಬರಿ ಊರಿನ ಬಳಿ, ಹೊಳೆಯ ದಂಡೆಯ ಹಳೆಯ ಹಿಟ್ಟಿನ ಗಿರಣಿಯೊಂದು ವಾಟರ್‌ಮಿಲ್ ಎಂಬ ರಂಗಮಂದಿರವಾಗಿದೆ. ಇನ್ನೂರು ಚಿಲ್ಲರೆ ಮಂದಿ ಕೂರಬಹುದಾದ ಆ ಮರದ ಕಟ್ಟಡದಲ್ಲಿ ವಾದ್ಯವೃಂದಕ್ಕೆ ಜಾಗವೂ ಇಲ್ಲ, ಸಂಬಳಕ್ಕೆ ಹಣವೂ ಇಲ್ಲ. ನಿರ್ದೇಶಕ ಜಾನ್ ಡಾಯ್ಲ್ ನಟರ ಕೈಗೇ ವಾದ್ಯ ಕೊಟ್ಟರು. ಸಾರಾ ಟ್ರಾವಿಸ್ ಇಡೀ ಸಂಗೀತವನ್ನು ಅದಕ್ಕೆ ತಕ್ಕಂತೆ ಮತ್ತೆ ಬರೆದರು. ಈ ಪ್ರಯೋಗ ಲಂಡನ್ ಹಾದು 2005ರಲ್ಲಿ ಬ್ರಾಡ್‌ವೇ ಸೇರಿದಾಗ ರಂಗದ ಮೇಲಿದ್ದವರು ಹತ್ತೇ ಮಂದಿ. ಮಿಸೆಸ್ ಲವೆಟ್ ಆಗಿದ್ದ ಪ್ಯಾಟಿ ಲುಪೋನ್ ಟ್ಯೂಬಾ ಊದಿದರು, ಟಾಡ್ ಆಗಿದ್ದ ಮೈಕೆಲ್ ಸರ್ವೆರಿಸ್ ಗಿಟಾರ್ ನುಡಿಸಿದರು. ಪ್ರೇಮಿಗಳಾದ ಜೊಹಾನ ಮತ್ತು ಆ್ಯಂಟನಿ ಇಬ್ಬರ ಕೈಯಲ್ಲೂ ಚೆಲ್ಲೊ. ಮರುವರ್ಷ ಡಾಯ್ಲ್ ಅವರಿಗೆ ನಿರ್ದೇಶನಕ್ಕೆ, ಟ್ರಾವಿಸ್ ಅವರಿಗೆ ವಾದ್ಯಸಂಯೋಜನೆಗೆ ಟೋನಿ ಬಂತು.

ಹೀಗೆ ಆಡಿಸುವಾಗ ಏಳುವ ತೊಡಕೊಂದನ್ನು ಡಾಯ್ಲ್ ಬಿಡಿಸಿಕೊಂಡ ಬಗೆ ಈ ಕಸುಬಿನ ಒಳ್ಳೆಯ ಪಾಠ. ಸತ್ತ ಪಾತ್ರಧಾರಿ ರಂಗ ಬಿಟ್ಟು ಹೋಗುವಂತಿಲ್ಲ. ಮುಂದಿನ ಹಾಡಿಗೆ ಅವನ ವಾದ್ಯ ಬೇಕು. ಆದ್ದರಿಂದ ಅಲ್ಲಿ ಪ್ರತಿ ಕೊಲೆಗೂ ಬೆಳಕು ಕೆಂಪಾಗುತ್ತದೆ, ಸೀಟಿ ಕೂಗುತ್ತದೆ, ಯಾರೋ ಒಬ್ಬರು ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ನಿಧಾನವಾಗಿ ಕೆಂಪು ದ್ರವ ಸುರಿಯುತ್ತಾರೆ. ಸತ್ತವನು ರಕ್ತದ ಕಲೆಯ ಬಿಳಿ ಕೋಟು ತೊಟ್ಟು ಎದ್ದುಹೋಗಿ ಮತ್ತೆ ವಾದ್ಯ ಹಿಡಿಯುತ್ತಾನೆ. ಕೈಯಲ್ಲಿ ಹಣವಿಲ್ಲದ್ದರಿಂದ ಹುಟ್ಟಿದ ಉಪಾಯ ನಾಟಕಕ್ಕೆ ಹೊಸ ಅರ್ಥ ತಂದಿತು: ಕೊಂದವನ ಸುತ್ತ ಅವನು ಕೊಂದವರೇ ಕುಳಿತು ಅವನ ಹಾಡಿಗೆ ಜೊತೆ ನೀಡುತ್ತಾರೆ.

ಟೂಟಿಂಗ್‌ನ ಅಂಗಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೆಲ್ಕರ್ಕ್ ರಸ್ತೆಯ ಹ್ಯಾರಿಂಗ್‌ಟನ್ಸ್ 1908ರಲ್ಲಿ ಶುರುವಾದ ಪೈ ಅಂಡ್ ಮ್ಯಾಶ್ ಅಂಗಡಿ. ಕೊಚ್ಚಿದ ಮಾಂಸದ ಪೈ, ಹಿಸುಕಿದ ಆಲೂಗಡ್ಡೆ, ಮೇಲೆ ಪಾರ್ಸ್ಲಿ ಸೊಪ್ಪಿನ ಹಸಿರು ಸಾರು: ಇದು ಲಂಡನ್ನಿನ ದುಡಿಯುವ ಜನರ ಊಟ. ಟೂಟಿಂಗ್ ಆರ್ಟ್ಸ್ ಕ್ಲಬ್ ಎಂಬ ಸಣ್ಣ ತಂಡ ನಿರ್ದೇಶಕ ಬಿಲ್ ಬಕ್‌ಹರ್ಸ್ಟ್ ಮತ್ತು ವಿನ್ಯಾಸಕಾರ ಸೈಮನ್ ಕೆನಿ ಅವರನ್ನು ಕೂಡಿಕೊಂಡು ಈ ಅಂಗಡಿಯನ್ನೇ ರಂಗವಾಗಿಸಿತು. ಜನ ಉದ್ದನೆಯ ಮೇಜುಗಳಿಗೆ ಒತ್ತಿಕೊಂಡು ಬೆಂಚುಗಳ ಮೇಲೆ ಕುಳಿತರು. ಆಟಕ್ಕೆ ಮೊದಲು ಪೈ ತಿಂದರು. ನಟರು ಕೌಂಟರಿನ ಹಿಂದೆ, ಮೆಟ್ಟಿಲ ಮೇಲೆ, ಬೆಂಚುಗಳ ಸಂದಿಯಲ್ಲಿ, ಕೊನೆಗೆ ಜನ ಮೊಣಕೈ ಊರಿದ್ದ ಮೇಜುಗಳ ಮೇಲೆಯೇ ನಡೆದರು. ಪಾತ್ರವರ್ಗ ಎಂಟು ಮಂದಿ, ವಾದ್ಯಗಾರರು ಮೂವರು. ಆಗ ಎಂಬತ್ತನಾಲ್ಕರ ಸಾಂಡ್‌ಹೈಮ್ ಬಂದು ನೋಡಿದರು. ನಲವತ್ತು ವರ್ಷಗಳ ಹಿಂದೆ ಅವರು ಬಯಸಿದ್ದ ಇಕ್ಕಟ್ಟು ಅಲ್ಲಿತ್ತು.

ಇಪ್ಪತ್ತಾರು ಮಂದಿಯ ಸಂಗೀತ ಮೂವರಿಗೆ ಇಳಿಯುವುದು ಹೇಗೆ? ಪಿಯಾನೊ ಒಂದೇ ಸಾಲದು. ಅದರ ಸ್ವರ ಒತ್ತಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಎಷ್ಟು ಬಲವಾಗಿ ಒತ್ತಿದರೂ ನಾಲ್ಕಾರು ಎಣಿಕೆಯಲ್ಲಿ ಕ್ಷೀಣಿಸುತ್ತದೆ. ‘ಸ್ವೀನಿ ಟಾಡ್’ನ ಭಯವೆಲ್ಲ ಇರುವುದು ಬಿಡದೆ ಎಳೆಯುವ ಸ್ವರದಲ್ಲಿ. ಹಾಗಾಗಿ ಟೂಟಿಂಗ್‌ನಲ್ಲಿ ಪಿಯಾನೊ ಜೊತೆಗೆ ಪಿಟೀಲು ಮತ್ತು ಕ್ಲ್ಯಾರಿನೆಟ್ ಇದ್ದವು. ಕಮಾನಿನಲ್ಲಿ ಎಳೆಯುವ ವಾದ್ಯ ಒಂದು, ಉಸಿರಿನಲ್ಲಿ ನಿಲ್ಲಿಸುವ ವಾದ್ಯ ಒಂದು. ಮಂದ್ರವನ್ನು ಪಿಯಾನೊದ ಎಡಗೈ ಹೊರುತ್ತದೆ, ಲಯವನ್ನೂ ಅದೇ ಕಾಯುತ್ತದೆ. ಸಂಗೀತವನ್ನು ಇಳಿಸಿ ಬರೆಯುವವರು ಮೊದಲು ನೋಡುವುದು ಯಾವ ಸ್ವರ ಬಿಟ್ಟರೆ ಹಾಡು ಕುಸಿಯುತ್ತದೆ, ಯಾವುದು ಬರಿಯ ಮೆರುಗು ಎಂಬುದನ್ನು. ಉಳಿದ ಪ್ರತಿ ಸ್ವರವೂ ಬೆತ್ತಲಾಗಿ ಕೇಳಿಸುವುದರಿಂದ ನುಡಿಸುವವರ ತಪ್ಪಿಗೆ ಮರೆಯಿಲ್ಲ.

ಕಂಠಕ್ಕೂ ಮರೆಯಿಲ್ಲ. ದೊಡ್ಡ ಮಂದಿರಗಳಲ್ಲಿ ನಟರ ಕೂದಲಂಚಿನಲ್ಲಿ ಪುಟ್ಟ ಮೈಕ್ ಇರುತ್ತದೆ. ಹಾಡು ಕೇಳಿಸುವುದು ಸ್ಪೀಕರಿನಿಂದ. ಬಾಲ್ಕನಿಯಲ್ಲಿ ಕೂತವರು ಹಾಡುತ್ತಿರುವುದು ಯಾರೆಂದು ತುಟಿ ಹುಡುಕಬೇಕು. ಸಣ್ಣ ಕೋಣೆಯಲ್ಲಿ ದನಿ ಬರುವುದು ಬಾಯಿಂದಲೇ, ಎಡಗಡೆಯವನು ಹಾಡಿದರೆ ಎಡಗಿವಿಗೆ. ಪ್ರಾಸದ ಮೇಲೆ ಪ್ರಾಸ ಹೆಣೆಯುವ ಸಾಂಡ್‌ಹೈಮ್ ಅವರಂಥವರ ಸಾಹಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ಮೇಳಗಾಯನ ಕಷ್ಟವಾಗುತ್ತದೆ. ಮೂವತ್ತು ಮಂದಿ ಹಾಡುವಾಗ ಒಬ್ಬ ಉಸಿರು ತೆಗೆದುಕೊಂಡರೆ ಉಳಿದವರ ದನಿ ಆ ಬಿರುಕು ಮುಚ್ಚುತ್ತದೆ. ಎಂಟೇ ಮಂದಿಯಿದ್ದರೆ ಒಂದೊಂದು ಸ್ವರದ ಸಾಲಿಗೆ ಒಬ್ಬೊಬ್ಬರು. ಉಸಿರು ತೆಗೆಯುವ ಜಾಗವನ್ನೂ ತಾಲೀಮಿನಲ್ಲೇ ಗೊತ್ತುಮಾಡಿಕೊಳ್ಳಬೇಕು.

ಒಬ್ಬರು ಎರಡು ಪಾತ್ರ ಹೊರುವುದು ಇಲ್ಲಿ ಅನಿವಾರ್ಯ. ಟೂಟಿಂಗ್ ಪ್ರಯೋಗದಲ್ಲಿ ಬೀದಿಯ ಭಿಕ್ಷುಕಿ ಮತ್ತು ಬೂಟಾಟಿಕೆಯ ಕ್ಷೌರಿಕ ಪಿರೆಲಿ, ಎರಡನ್ನೂ ಒಬ್ಬ ನಟಿಯೇ ಆಡಿದಳು. ಟಾಡ್‌ನ ಹಿಂದಿನ ಬದುಕನ್ನು ಬಲ್ಲ ಎರಡು ಪಾತ್ರಗಳು ಒಂದೇ ಮುಖ ಹೊತ್ತು ಬರುವುದರಿಂದ ಕಥೆಗೆ ಒಂದು ಗುಟ್ಟಿನ ಎಳೆ ಸಿಕ್ಕಿತು. ಅಭಿನಯದ ಅಳತೆಯೂ ಬದಲಾಗುತ್ತದೆ. ಸಾವಿರಾರು ಜನಕ್ಕೆ ಕಾಣಲೆಂದು ಕೈಯೆತ್ತಿ ಮಾಡುವ ಅಭಿನಯ ಮೂರಡಿ ದೂರದಲ್ಲಿ ಕೃತಕವೆನಿಸುತ್ತದೆ. ಅಲ್ಲಿ ಹುಬ್ಬು ಅಲುಗಿದರೂ ಸಾಕು. ಕತ್ತಿ ಕೃತಕವೆಂಬುದು ಎಲ್ಲರಿಗೂ ಗೊತ್ತು, ಆದರೂ ಅದನ್ನು ಹಿಡಿದವನು ಕಣ್ಣಿಗೆ ಕಣ್ಣಿಟ್ಟು ನಿಂತರೆ ಬೆಂಚಿನ ಮೇಲಿದ್ದವರು ಹಿಂದಕ್ಕೆ ಸರಿಯುತ್ತಾರೆ.

ಈ ದಾರಿಯಲ್ಲಿ ಲಂಡನ್ನಿನ ಬೇರೆ ಮಂದಿರಗಳೂ ನಡೆದಿವೆ. ಹಿಂದೆ ಉಗ್ರಾಣವಾಗಿದ್ದ ಡಾನ್‌ಮಾರ್ ವೇರ್‌ಹೌಸ್ 251 ಆಸನಗಳ ಜಾಗ. ಸ್ಯಾಮ್ ಮೆಂಡಿಸ್ 1993ರಲ್ಲಿ ಅಲ್ಲಿ ‘ಕ್ಯಾಬರೆ’ ಆಡಿಸಿದಾಗ ಪ್ರೇಕ್ಷಕರನ್ನು ಮೇಜುಗಳ ಸುತ್ತ ಕೂರಿಸಿ ಮಂದಿರವನ್ನೇ ನಾಟಕದ ನೈಟ್‌ಕ್ಲಬ್ ಆಗಿಸಿದರು. ಹಳೆಯ ಚಾಕೊಲೇಟ್ ಕಾರ್ಖಾನೆಯಲ್ಲಿ 2004ರಲ್ಲಿ ಶುರುವಾದ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಿಂದ ‘ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್’, ‘ಲಾ ಕಾಜ್ ಓ ಫೋಲ್’, ‘ದ ಕಲರ್ ಪರ್ಪಲ್’ ಬ್ರಾಡ್‌ವೇವರೆಗೂ ಹೋದವು. ಸದರ್ಕ್ ಪ್ಲೇಹೌಸ್ 2013ರಲ್ಲಿ ‘ಟೈಟಾನಿಕ್’ ನಾಟಕವನ್ನೇ ಕೈಗೆತ್ತಿಕೊಂಡಿತು. ಬ್ರಾಡ್‌ವೇಯಲ್ಲಿ ವಾಲುವ ಹಡಗು ಬೇಕಾಗಿದ್ದ ನಾಟಕವದು. ಇಲ್ಲಿ ಹಡಗನ್ನು ಮುಳುಗಿಸುವ ಹೊಣೆ ನಟರ ದೇಹ ಮತ್ತು ದನಿಯ ಮೇಲೆ ಬಿತ್ತು.

ಹಣದ ಲೆಕ್ಕ ಮಾತ್ರ ಈ ಜಾಗಗಳಿಗೆ ಸದಾ ಎದುರಾಳಿ. ನಟರ ಸಂಬಳ, ಹಕ್ಕಿನ ಶುಲ್ಕ, ತಾಲೀಮಿನ ವಾರಗಳು ಆಸನಗಳಷ್ಟು ಕಡಿಮೆಯಾಗುವುದಿಲ್ಲ. ಆದ್ದರಿಂದ ಗೆದ್ದ ಪ್ರಯೋಗಗಳು ದೊಡ್ಡ ಜಾಗ ಹುಡುಕಿಕೊಂಡು ಹೋಗುತ್ತವೆ. ಹೋದಲ್ಲಿ ಆಪ್ತತೆ ಕಳೆದುಕೊಳ್ಳುವ ಅಪಾಯವೂ ಇದೆ. ಟೂಟಿಂಗ್‌ನ ತಂಡ ಈ ವಿಷಯದಲ್ಲಿ ಹಟ ಹಿಡಿಯಿತು. ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಶ್ ಅವರ ನೆರವಿನಿಂದ 2015ರಲ್ಲಿ ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂಗೆ ಬಂದಾಗ ಹ್ಯಾರಿಂಗ್‌ಟನ್ಸ್ ಅಂಗಡಿಯ ಪ್ರತಿರೂಪವನ್ನೇ ಅಲ್ಲಿ ಕಟ್ಟಿದರು. ಆಸನಗಳನ್ನು 69ಕ್ಕೆ ಮಾತ್ರ ಏರಿಸಿದರು. ಎರಡು ವರ್ಷಗಳ ಬಳಿಕ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಬ್ಯಾರೊ ಸ್ಟ್ರೀಟ್ ಥಿಯೇಟರಿನೊಳಗೆ ಅದೇ ಅಂಗಡಿ ಮತ್ತೆ ಎದ್ದಿತು. ಶ್ವೇತಭವನದಲ್ಲಿ ಸಿಹಿತಿನಿಸಿನ ಬಾಣಸಿಗರಾಗಿದ್ದ ಬಿಲ್ ಯೋಸಿಸ್ ಅಲ್ಲಿಯ ಪೈಗಳ ಹೊಣೆ ಹೊತ್ತರು. ಯೂರಿಸ್‌ನ ಮೊದಲ ದಿನಕ್ಕೆ ಸರಿಯಾಗಿ ಮೂವತ್ತೆಂಟು ವರ್ಷ ತುಂಬಿದ 2017ರ ಮಾರ್ಚ್ 1ರಂದು ಅದು ಶುರುವಾಯಿತು. ಮರುವರ್ಷದ ಆಗಸ್ಟ್‌ವರೆಗೆ, 130 ಆಸನಗಳಲ್ಲೇ, ನಡೆಯಿತು.