ಹೆಲ್ಮೆಟ್ ಮುಚ್ಚದ ಗುರುತು

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯಂಗಳದಲ್ಲೇ ಗುಂಡಿಗೆ ಬಲಿಯಾದರು. ಮನೆಗೆ ಸಿಸಿಟಿವಿ ಇತ್ತು. ಆದರೆ ಸಿಕ್ಕಿದ್ದು ಕೆಲವೇ ಸೆಕೆಂಡಿನ ಮಸುಕು ದೃಶ್ಯ, ಅದರಲ್ಲಿ ಹೆಲ್ಮೆಟ್ ತೊಟ್ಟ ಒಬ್ಬ.

ಬಿ.ಕೆ. ಸಿಂಗ್ ನೇತೃತ್ವದ ವಿಶೇಷ ತನಿಖಾ ತಂಡದ ಮುಂದೆ ಗೋಡೆಯೇ ಎದ್ದಿತ್ತು. ಮುಖ ಗುರುತಿಸುವ ತಂತ್ರಾಂಶ ಎಷ್ಟೇ ಚುರುಕಾದರೂ ಅದಕ್ಕೆ ಅಳೆಯಲು ಕಣ್ಣು, ಮೂಗು, ದವಡೆ ಕಾಣಬೇಕು. ಅಕ್ಟೋಬರ್‌ನಲ್ಲಿ ತಂಡ ಶಂಕಿತರ ರೇಖಾಚಿತ್ರ ಬಿಡುಗಡೆ ಮಾಡಿತು. ಆ ವರ್ಷ ಮುಗಿದರೂ ಕೊಲೆಗಾರನ ಸುಳಿವಿಲ್ಲ.

ಬಾಗಿಲು ತೆರೆದದ್ದು ಇನ್ನೆಲ್ಲೋ. 2018ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಜೀವಂತ ಗುಂಡುಗಳೊಡನೆ ಒಬ್ಬ ಸಿಕ್ಕಿಬಿದ್ದ. ಮೇಲ್ನೋಟಕ್ಕೆ ಅದು ಬರೀ ಅಕ್ರಮ ಮದ್ದುಗುಂಡಿನ ಪ್ರಕರಣ. ಅವನ ಸಂಪರ್ಕಗಳ ಎಳೆ ಹಿಡಿದು ತಿಂಗಳುಗಟ್ಟಲೆ ಜಗ್ಗಿದಾಗ ಜಾಡು ಮಲೆನಾಡಿನ ಅಂಚಿನ ಶಿಕಾರಿಪುರವನ್ನೂ ಮುಟ್ಟಿ ಜೂನ್‌ನಲ್ಲಿ ವಿಜಯಪುರ ಜಿಲ್ಲೆಗೆ ಬಂದು ನಿಂತಿತು. ಗುಂಡು ಹಾರಿಸಿದ ಆರೋಪದ ಮೇಲೆ ಅಲ್ಲಿನ ಯುವಕನೊಬ್ಬನ ಬಂಧನವಾಯಿತು.

ಅಸಲಿ ಕಷ್ಟ ಆಮೇಲೆ. ಪೊಲೀಸರ ಮುಂದೆ ಆರೋಪಿ ಏನೇ ಒಪ್ಪಿಕೊಂಡರೂ ನ್ಯಾಯಾಲಯದಲ್ಲಿ ಅದು ಸಾಮಾನ್ಯವಾಗಿ ಪುರಾವೆಯಾಗುವುದಿಲ್ಲ. ಹೆಲ್ಮೆಟ್ಟಿನೊಳಗಿದ್ದವನು ಇವನೇ ಎಂದು ತೋರಿಸುವುದು ಹೇಗೆ?

ಇಂಥದೇ ಪ್ರಶ್ನೆ 2000ದಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಎದ್ದಿತ್ತು. ಅಲ್ಲಿ ಮುಸುಕುಧಾರಿ ಆಭರಣಗಳ್ಳನ ನಡಿಗೆಯನ್ನು ಪಾದತಜ್ಞ ಹೇಡನ್ ಕೆಲ್ಲಿ ಸಾಕ್ಷ್ಯವಾಗಿ ಮುಂದಿಟ್ಟಿದ್ದರು. ಬೆಂಗಳೂರಿನ ತಂಡವೂ ಅದೇ ದಾರಿ ಹಿಡಿಯಿತು. ಘಟನೆಯನ್ನು ಮರುಸೃಷ್ಟಿಸಿ, ಆರೋಪಿಯನ್ನು ನಡೆಸಿ, ಚಿತ್ರೀಕರಿಸಿತು. ಹಳೆಯ ದೃಶ್ಯ, ಹೊಸ ದೃಶ್ಯ ಎರಡೂ ಗುಜರಾತಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು.

ಗುಟ್ಟು ಇಷ್ಟೇ: ಹೆಜ್ಜೆಯ ಉದ್ದ, ಮಂಡಿ ಮಡಿಚುವ ಕೋನ, ಪಾದ ಹೊರಳುವ ದಿಕ್ಕು, ತೋಳಿನ ತೂಗು, ಮೈಯ ವಾಲು ಇವೆಲ್ಲ ಸೇರಿ ಪ್ರತಿಯೊಬ್ಬನಿಗೂ ಒಂದು ವರಸೆ ಬಂದಿರುತ್ತದೆ. ದೂರದಲ್ಲಿ ಬರುವ ಮನೆಯವರನ್ನು ಮುಖ ಕಾಣುವ ಮೊದಲೇ ಗುರುತಿಸುತ್ತೇವಲ್ಲ, ಹಾಗೆ. ಪ್ರಯೋಗಾಲಯ ಆ ವರಸೆಯನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ಹೋಲಿಸಿತು. ಎರಡೂ ನಡಿಗೆ ತಾಳೆಯಾಗುತ್ತವೆ ಎಂಬ ವರದಿ ಬಂತು. 2018ರ ನವೆಂಬರ್‌ನಲ್ಲಿ 9,235 ಪುಟಗಳ ಆರೋಪಪಟ್ಟಿ ಸಲ್ಲಿಕೆಯಾಯಿತು. ಬೆರಳಚ್ಚಿನಷ್ಟು ಗಟ್ಟಿಯಲ್ಲದ ಈ ಸಾಕ್ಷ್ಯದ ತೂಕ ನೋಡುವ ಕೆಲಸ ನ್ಯಾಯಾಲಯದ ಪಾಲಿಗೆ ಬಂತು.